ಸಣ್ಣ ಪಾತ್ರ ಅಂತ ಯಾರಿಗಂತೀರಿ? ಮಾಚಯ್ಯ, ಹರಳಯ್ಯ ಮತ್ತು ಜಪಾನಿನ ತತ್ತಾ



ಪೋಸ್ಟ್ ಉದ್ದ ಆಗ್ತದ, ಮೊದಲೇ ಹೇಳಿಬಿಡ್ತೀನಿ. ಚಹಾ ಕುಡಕೋತ ಓದ್ರಿ.

ನಮ್ಮ ಕಡೆ ಜಯಂತಿ ಬ್ಯಾನರ್ ಹೆಂಗಿರ್ತದ ನಿಮಗೆಲ್ಲ ಗೊತ್ತದ. ನಡುವ ಒಂದು ದೊಡ್ಡ ಮುಖ, ತಲಿ ಹಿಂದ ಬೆಳಕಿನ ಚಕ್ರ. ಅದರ ಕೆಳಗ ಸಾಲಾಗಿ ಸಣ್ಣ ಮುಖಗಳು. ಅದಕ್ಕೂ ಕೆಳಗ ಶುಭ ಕೋರುವವರ ಫೋಟೊ. ಎಷ್ಟೋ ಸಲ ಶುಭ ಕೋರುವವರ ಮುಖ ಆ ಶರಣರ ಮುಖಕ್ಕಿಂತ ದೊಡ್ಡದಾಗಿರ್ತದ! ಇವತ್ತು ಆ ನಡುವಿನ ಸಾಲಿನ ಸಣ್ಣ ಮುಖಗಳ ಬಗ್ಗೆ ಬರೀತೀನಿ.

ನನ್ನ ಮಾತು ಇಷ್ಟೇ. ಒಂದು ಕಥೆ ನಿಜವಾಗಿ ಏನು ಹೇಳ್ತದ ಅಂತ ತಿಳಿಬೇಕಾದ್ರ ನಾಯಕನ ಮಾತು ಕೇಳಿದ್ರ ಸಾಲೋದಿಲ್ಲ. ಆ ಕಥೆಯೊಳಗ ಅಂಚಿಗೆ ನಿಂತವರಿಗೆ ಏನು ಕೆಲಸ ಕೊಟ್ಟಾರ, ಅವರಿಗೆ ಬಾಯಿ ಬಿಡಾಕ ಬಿಟ್ಟಾರೋ ಇಲ್ಲೋ, ಕೊನಿಗೆ ಅವರ ಗತಿ ಏನಾತು, ಇದನ್ನ ನೋಡಬೇಕು. ಹನ್ನೆರಡನೇ ಶತಮಾನದ ಕಲ್ಯಾಣದ ಕಥೆಯನ್ನ ಹಂಗ ನೋಡೋಣ. ಆಮೇಲೆ ಜಪಾನಿನ ಒಂದು ಚಿತ್ರಕಥೆಯನ್ನೂ ಹಂಗ ನೋಡೋಣ. ಕಲ್ಯಾಣಕ್ಕೂ ಜಪಾನಕ್ಕೂ ಏನು ಸಂಬಂಧ ಅಂತೀರಿ? ಮುಂದ ಗೊತ್ತಾಗ್ತದ.

ಮೊದಲು ನಮ್ಮೂರು. ದೇವರ ಹಿಪ್ಪರಗಿ ಈಗ ತಾಲೂಕು ಆಗ್ಯಾದ, ಮೊದಲು ಸಿಂದಗಿ ತಾಲೂಕಿನೊಳಗ ಇತ್ತು. ಇದು ಮಡಿವಾಳ ಮಾಚಿದೇವರ ಊರು. ಅವರ ವಚನಗಳ ಅಂಕಿತ ‘ಕಲಿದೇವರದೇವ’. ಬಸವಣ್ಣನವರ ಬಾಗೇವಾಡಿಯೂ ಇದೇ ಜಿಲ್ಲೆ. ಒಂದೇ ಸೀಮೆಯ ಇಬ್ಬರು ಮನುಷ್ಯರು. ಒಬ್ಬರು ಬ್ರಾಹ್ಮಣರ ಮನೆಯಲ್ಲಿ ಹುಟ್ಟಿ ಕಳಚುರಿ ಬಿಜ್ಜಳನ ಭಂಡಾರಿ ಆದವರು. ಇನ್ನೊಬ್ಬರು ಬಟ್ಟೆ ಒಗೆದು ಬದುಕಿದವರು. ಕಥೆ ಬಸವಣ್ಣನವರದು ಅಂತ ನಾವು ಹೇಳ್ತೀವಿ. ಮಾಚಯ್ಯನವರು ಅದರೊಳಗ ಬಂದು ಹೋಗುವ ಪಾತ್ರ. ತೆಲುಗಿನ ಪಾಲ್ಕುರಿಕೆ ಸೋಮನಾಥ ಹದಿಮೂರನೇ ಶತಮಾನದಲ್ಲಿ ಬರೆದ ಬಸವಪುರಾಣದಲ್ಲಿಯೂ ಅವರಿದ್ದಾರೆ, ಅದನ್ನ 1369ರಲ್ಲಿ ಕನ್ನಡಕ್ಕೆ ತಂದ ಭೀಮಕವಿಯ ಪುರಾಣದಲ್ಲಿಯೂ ಇದ್ದಾರೆ.

ಆದ್ರ ಬಂದು ಹೋಗುವ ಆ ಪಾತ್ರ ಏನು ಮಾಡ್ತದ ನೋಡ್ರಿ. ಬಸವಣ್ಣನವರು ಕೊಡುಗೈ ದಾನಿ, ಜಂಗಮರು ಬೇಡಿದ್ದನ್ನೆಲ್ಲ ಕೊಡುವವರು. ಕೊಟ್ಟು ಕೊಟ್ಟು ಒಂದು ದಿನ ‘ನಾನು ಕೊಡುವವನು’ ಅನ್ನುವ ಸಣ್ಣ ಹೆಮ್ಮೆ ಅವರ ಮಾತಿನಲ್ಲಿ ಇಣುಕುತ್ತದೆ. ಆವಾಗ ಎದ್ದು ನಿಂತು ಗದರಿಸುವವರು ಮಾಚಯ್ಯ. ಬಸವಣ್ಣ ತಲೆ ಬಾಗ್ತಾರೆ. ಪುರಾಣದಾಗ ಇದಕ್ಕ ಪವಾಡ ಬೆರೆಸ್ಯಾರ, ಅದನ್ನ ಬದಿಗಿಡ್ರಿ. ಉಳಿಯೋದು ಏನು? ರಾಜ್ಯದ ಖಜಾನೆ ನೋಡುವ ಮನುಷ್ಯನಿಗೆ ಬಟ್ಟೆ ಒಗೆಯುವ ಮನುಷ್ಯ ಬುದ್ಧಿ ಹೇಳ್ತಾನ, ಆತ ಕೇಳ್ತಾನ.

ಈ ಒಂದು ಪ್ರಸಂಗ ತೆಗೆದು ಹಾಕ್ರಿ. ಬಸವಣ್ಣನವರ ಎಲ್ಲಾ ವಚನ ಹಂಗೇ ಇರಲಿ. ಆದರೂ ಕಥೆ ಬದಲಾಗ್ತದ. ದೊಡ್ಡ ಮನಸ್ಸಿನ ಮೇಲ್ಜಾತಿಯ ಮನುಷ್ಯ ಕೆಳಗಿನವರನ್ನ ಮೇಲೆತ್ತಿದ ಅನ್ನುವ ಕಥೆ ಆಗ್ತದ. ಅದು ಉಪಕಾರದ ಕಥೆ. ಮಾಚಯ್ಯ ಗದರಿಸಿದಾಗ ಮಾತ್ರ ಅದು ಸಮಾನತೆಯ ಕಥೆ ಆಗ್ತದ. ಯಾಕಂದ್ರ ಸಮಾನತೆ ಅಂದ್ರ ಕೆಳಗಿನವರಿಗೆ ಕೊಡೋದಷ್ಟೇ ಅಲ್ಲ, ಕೆಳಗಿನವರಿಂದ ಮಾತು ಕೇಳೋದು. ಇದನ್ನ ಬಸವಣ್ಣ ತಾವೇ ಎಷ್ಟು ಹೇಳಿದ್ರೂ ಸಾಬೀತು ಆಗೋದಿಲ್ಲ. ಎದುರಿಗೆ ಒಬ್ಬ ಮಾಚಯ್ಯ ಬೇಕು.

ಇನ್ನ ಕಥೆಯ ಕೊನೆ. 1167ರ ಸುಮಾರಿಗೆ ಕಲ್ಯಾಣ ಹೊತ್ತಿ ಉರಿಯಿತು, ಬಿಜ್ಜಳನ ಆಳ್ವಿಕೆ ಮುಗಿಯಿತು. ಶರಣರು ದಿಕ್ಕಾಪಾಲಾದರು. ಚೆನ್ನಬಸವಣ್ಣನವರ ಜೊತೆ ಒಂದು ತಂಡ ಉಳವಿಯ ಕಡೆ ಹೊರಟಿತು. ಬೆನ್ನಟ್ಟಿದ ಸೈನ್ಯವನ್ನು ತಡೆದು, ವಚನದ ಕಟ್ಟುಗಳನ್ನು ಕಾಯ್ದು ಹಿಂದೆ ನಿಂತವರು ಮಾಚಿದೇವರು ಅಂತ ಪರಂಪರೆ ಹೇಳುತ್ತದೆ. ಡೋಹರ ಕಕ್ಕಯ್ಯನವರ ಹೆಸರೂ ಅದೇ ಹೋರಾಟದ ಜೊತೆ ಬರುತ್ತದೆ. ಬೆಳಗಾವಿ ಜಿಲ್ಲೆಯ ಕಕ್ಕೇರಿ ಊರು ಅವರ ನೆನಪನ್ನು ಇವತ್ತಿಗೂ ಇಟ್ಟುಕೊಂಡಿದೆ. ಆ ಹೊತ್ತಿಗೆ ಬಸವಣ್ಣನವರು ಕಲ್ಯಾಣ ಬಿಟ್ಟು ಕೂಡಲಸಂಗಮಕ್ಕೆ ಹೋಗಿ ಆಗಿತ್ತು. ಅಂದ್ರ ನಾಯಕ ಇಲ್ಲದಾಗ ಕಥೆಯನ್ನ ಹೊತ್ತವರು ಒಬ್ಬ ಅಗಸ, ಒಬ್ಬ ಡೋಹರ. ಇವರನ್ನ ಸಣ್ಣ ಪಾತ್ರ ಅಂತ ಹೆಂಗ ಅನ್ನೋದು?

ಈಗ ಹರಳಯ್ಯನವರ ಕಡೆ ಬರೋಣ. ಇದು ನಮಗೆಲ್ಲ ಹತ್ತಿರದ ಕಥೆ. ಚಪ್ಪಲಿ ಹೊಲಿಯುವ ಸಮಗಾರ ಹರಳಯ್ಯ, ಬ್ರಾಹ್ಮಣ ಹುಟ್ಟಿನ ಮಧುವರಸ. ಹರಳಯ್ಯನ ಮಗನಿಗೂ ಮಧುವರಸನ ಮಗಳಿಗೂ ಮದುವೆ ಆಯಿತು, ಊರ ಪಟ್ಟಭದ್ರರು ಕೆರಳಿದರು, ಬಿಜ್ಜಳ ಇಬ್ಬರೂ ತಂದೆಯರಿಗೆ ಘೋರ ಶಿಕ್ಷೆ ಕೊಟ್ಟ. ಇದು ನಮಗೆ ಗೊತ್ತಿರುವ ರೂಪ. ಆದರೆ ಈ ರೂಪ ಒಂದೇ ಸಲಕ್ಕೆ ಬಂದದ್ದಲ್ಲ. ಪಾಲ್ಕುರಿಕೆ ಸೋಮನಾಥನ ಪುರಾಣದಲ್ಲಿ ಈ ಇಬ್ಬರೂ ಕೊನೆಯ ಭಾಗದಲ್ಲಿ ಬರ್ತಾರೆ, ಬಿಜ್ಜಳ ಅವರ ಕಣ್ಣು ಕೀಳಿಸ್ತಾನೆ, ಅದರ ಸೇಡಿಗೆ ಜಗದೇವ ಮತ್ತು ಸಂಗಡಿಗರು ಬಿಜ್ಜಳನನ್ನು ಕೊಲ್ಲುತ್ತಾರೆ. ಮದುವೆಯ ಕಥೆ ಬೆಳೆದು ನಿಂತದ್ದು ಮುಂದಿನ ಶತಮಾನಗಳ ಕೃತಿಗಳಲ್ಲಿ, ಜನರ ಬಾಯಲ್ಲಿ. ಇಪ್ಪತ್ತನೇ ಶತಮಾನಕ್ಕೆ ಬಂದಾಗ ನಾಟಕಕಾರರು ಅದನ್ನ ಕಲ್ಯಾಣದ ಕಥೆಯ ನಡುಗಂಬ ಮಾಡಿದರು. ಗಿರೀಶ ಕಾರ್ನಾಡರ ‘ತಲೆದಂಡ’ 1990ರದು. ಅದರೊಳಗ ಆ ಮದುವೆಯೇ ಎಲ್ಲದಕ್ಕೂ ತಿರುವು.

ಇದನ್ನ ಕೇಳಿ ಕೆಲವರು ‘ಹಂಗಾದ್ರ ಮದುವೆ ಸುಳ್ಳೇನು?’ ಅಂತ ಜಗಳಕ್ಕ ಬರ್ತಾರ. ನಾನು ಹೇಳ್ತಿರೋದು ಬ್ಯಾರೆ. ಎರಡು ಸಾಲಿನ ಪಾತ್ರ ಎಂಟು ನೂರು ವರ್ಷದಾಗ ಕಥೆಯ ಎದೆಗೂಡಿಗೆ ಬಂದು ಕೂತಾದ. ಯಾಕೆ ಬಂತು? ಕಲ್ಯಾಣದ ಪ್ರಯೋಗ ಎಲ್ಲಿ ಮುರಿದು ಬಿತ್ತು ಅನ್ನುವ ಪ್ರಶ್ನೆಗೆ ಜನ ಉತ್ತರ ಹುಡುಕಿದರು. ಒಟ್ಟಿಗೆ ಕೂತು ಉಂಡಾಗ ರಾಜ ಸುಮ್ಮನಿದ್ದ, ಒಟ್ಟಿಗೆ ಹಾಡಿದಾಗಲೂ ಸುಮ್ಮನಿದ್ದ. ರಕ್ತ ಸಂಬಂಧಕ್ಕೆ ಕೈ ಹಾಕಿದಾಗ ಆನೆ ಬಿಟ್ಟ. ಜಾತಿಯ ಬೇರು ಮದುವೆಯಲ್ಲಿದೆ ಅಂತ ಬಾಬಾಸಾಹೇಬರು 1936ರ ‘ಜಾತಿ ವಿನಾಶ’ದಲ್ಲಿ ಬರೆದರು. ಅದಕ್ಕೂ ಬಹಳ ಹಿಂದೆ ನಮ್ಮ ಜನ ಅದನ್ನ ಹರಳಯ್ಯನ ಪಾತ್ರದೊಳಗೆ ಹೇಳಿಕೊಂಡಿದ್ದರು. ಬಸವಣ್ಣನ ಬಾಯಿಂದ ಹೇಳಿಸಿದ್ದರೆ ಅದು ಉಪದೇಶ ಆಗ್ತಿತ್ತು. ಹರಳಯ್ಯನ ಕಣ್ಣಿಂದ ಹೇಳಿಸಿದ್ದಕ್ಕೆ ಅದು ಎದೆಗೆ ನಾಟಿತು.

ಇಲ್ಲಿ ಒಂದು ಮಾತು ನೇರವಾಗಿ ಹೇಳ್ತೀನಿ, ಸಿಟ್ಟಾಗಬ್ಯಾಡ್ರಿ. ಹರಳಯ್ಯನವರ ಬಗ್ಗೆ ಇನ್ನೊಂದು ಕಥೆ ಅದ. ಬಸವಣ್ಣನವರು ಒಂದು ಶರಣಿಗೆ ಎರಡು ಶರಣು ಅಂದರಂತೆ, ಆ ಭಾರ ತಾಳಲಾರದೆ ಹರಳಯ್ಯ ದಂಪತಿ ತಮ್ಮ ತೊಡೆಯ ಚರ್ಮದಿಂದ ಚಪ್ಪಲಿ ಮಾಡಿಕೊಟ್ಟರಂತೆ. ಮೆರವಣಿಗೆಯ ಸ್ತಬ್ಧಚಿತ್ರದಲ್ಲಿ ಯಾವಾಗಲೂ ಇದೇ ಇರ್ತದ. ಶಾಲೆಯ ಛದ್ಮವೇಷದಲ್ಲೂ ಇದೇ. ಮದುವೆಯ ಸ್ತಬ್ಧಚಿತ್ರ ನೀವು ಎಷ್ಟು ಸಲ ನೋಡೀರಿ? ನಾನಂತೂ ನೋಡಿಲ್ಲ. ಚರ್ಮದ ಚಪ್ಪಲಿಯ ಹರಳಯ್ಯ ಕೃತಜ್ಞತೆಯ ಹರಳಯ್ಯ, ಬಗ್ಗಿ ನಿಂತವನು. ಆತನನ್ನ ಎಲ್ಲರೂ ಒಪ್ಪತಾರ. ಬೀಗನಾಗಿ ಎದುರಿಗೆ ಕೂತ ಹರಳಯ್ಯ ಬಂದ್ರ ಊರಾಗ ಇವತ್ತಿಗೂ ಗಂಟಲು ಕಟ್ಟತದ. ಒಂದು ಪಾತ್ರವನ್ನ ಕಥೆಯಿಂದ ಹೊರಗೆ ಹಾಕಾಕ ಯಾವಾಗಲೂ ಹೆಸರು ಅಳಿಸಬೇಕಾಗಿಲ್ಲ. ಆತನ ಯಾವ ಪ್ರಸಂಗ ತೋರಿಸಬೇಕು ಅಂತ ಆರಿಸಿದರೂ ಸಾಕು.

ಮತ್ತೆ ಆ ಮದುಮಗಳು? ಜನಪ್ರಿಯ ಕಥೆಗಳಲ್ಲಿ ಆಕೆ ಲಾವಣ್ಯ, ಕಾರ್ನಾಡರ ನಾಟಕದಲ್ಲಿ ಕಲಾವತಿ. ಹೆಸರೇ ಒಂದು ಕಡೆ ನಿಲ್ಲೋದಿಲ್ಲ. ಮನೆ ಬಿಟ್ಟು, ಜಾತಿ ಬಿಟ್ಟು, ಸಮಗಾರರ ಮನೆಗೆ ಬರಲು ಒಪ್ಪಿದ ಆ ಹುಡುಗಿ ಏನು ಅಂದುಕೊಂಡಳು ಅಂತ ಯಾರೂ ಕೇಳಲಿಲ್ಲ. ಸಣ್ಣ ಪಾತ್ರದ ಪಕ್ಕ ಇನ್ನೂ ಸಣ್ಣ ಪಾತ್ರ ಇರ್ತದ, ಹೆಚ್ಚಾಗಿ ಅದು ಹೆಣ್ಣು. ನಮ್ಮ ಚಳವಳಿಯವರೂ ಇದನ್ನ ನೆನಪಿಡಬೇಕು.

ಸಣ್ಣವರನ್ನ ನಡುವೆ ತಂದು ಕೂರಿಸುವ ಕೆಲಸ ನಮ್ಮ ಹಳೆಯ ಪುಸ್ತಕಗಳಲ್ಲೇ ಆಗಿದೆ. ‘ಶೂನ್ಯಸಂಪಾದನೆ’ ನೋಡ್ರಿ. ಹದಿನೈದನೇ ಶತಮಾನದಲ್ಲಿ ಶಿವಗಣಪ್ರಸಾದಿ ಮಹಾದೇವಯ್ಯ ವಚನಗಳನ್ನ ಸಂಭಾಷಣೆಯಾಗಿ ಜೋಡಿಸಿ ಕಟ್ಟಿದ ಕೃತಿ. ಆಮೇಲೆ ಇನ್ನೂ ಮೂವರು ಅದನ್ನ ಬೆಳೆಸಿ ಬರೆದರು, ಒಟ್ಟು ನಾಲ್ಕು ರೂಪ. ನಾಯಕ ಅಲ್ಲಮಪ್ರಭು. ಆದರೆ ಅದರ ಒಳಗೆ ಒಬ್ಬೊಬ್ಬ ಶರಣರಿಗೆ ಒಂದೊಂದು ಅಧ್ಯಾಯದಂತೆ ಜಾಗ ಇದೆ. ಮರುಳಶಂಕರದೇವ ಅನ್ನುವವರು ಬಸವಣ್ಣನ ಮಹಾಮನೆಯಲ್ಲೇ, ಪ್ರಸಾದ ಚೆಲ್ಲುವ ಜಾಗದಲ್ಲಿ ಹನ್ನೆರಡು ವರ್ಷ ಇದ್ದರು, ಯಾರ ಕಣ್ಣಿಗೂ ಬೀಳಲಿಲ್ಲ. ಅಲ್ಲಮ ಬಂದು ಗುರುತಿಸಿದಾಗಲೇ ಎಲ್ಲರಿಗೂ ಗೊತ್ತಾದದ್ದು. ಸಮಾನತೆಯ ಮನೆಯಲ್ಲೂ ಒಬ್ಬ ಮನುಷ್ಯ ಹನ್ನೆರಡು ವರ್ಷ ಯಾರಿಗೂ ಕಾಣದೆ ಇರಬಹುದು! ಇದಕ್ಕಿಂತ ಗಟ್ಟಿ ಆತ್ಮವಿಮರ್ಶೆ ಯಾವ ಸಂಘಟನೆ ಮಾಡಿಕೊಂಡದ?

ಆಯ್ದಕ್ಕಿ ಲಕ್ಕಮ್ಮನ ಕಥೆ ಎಲ್ಲರಿಗೂ ಗೊತ್ತು. ಗಂಡ ಮಾರಯ್ಯ ಬಿದ್ದ ಅಕ್ಕಿ ಆಯ್ದು ತರುವವನು. ಒಂದು ದಿನ ಹೆಚ್ಚಿಗೆ ತಂದಾಗ ಲಕ್ಕಮ್ಮ ಅದನ್ನ ತಿರುಗಿ ಹಾಕಿ ಬಾ ಅಂತ ಕಳಿಸ್ತಾಳೆ. ಕಾಯಕದ ಬಗ್ಗೆ ದೊಡ್ಡವರು ಹೇಳಿದ ಮಾತಿಗೆ ಅಳತೆಗೋಲು ಆಗಿ ನಿಂತವಳು ಅಕ್ಕಿ ಆಯುವವನ ಹೆಂಡತಿ.

ಇವರ ಮಾತು ನಮ್ಮ ಕೈಗೆ ಬಂದದ್ದು ಹೆಂಗೆ ಅನ್ನೋದೂ ನಮ್ಮ ಜಿಲ್ಲೆಯ ಇತಿಹಾಸವೇ. ವಿಜಯಪುರದ ವಕೀಲ ಫ. ಗು. ಹಳಕಟ್ಟಿಯವರು ಊರೂರು ತಿರುಗಿ ತಾಳೆಗರಿ ಕೂಡಿಸಿದರು, 1923ರಲ್ಲಿ ‘ವಚನಶಾಸ್ತ್ರಸಾರ’ದ ಮೊದಲ ಭಾಗ ತಂದರು, ಮುದ್ರಣಾಲಯಕ್ಕಾಗಿ ಇದ್ದ ಮನೆ ಮಾರಿದರು. 1993ರಲ್ಲಿ ಕರ್ನಾಟಕ ಸರ್ಕಾರ ಸಮಗ್ರ ವಚನ ಸಂಪುಟಗಳನ್ನ ಹೊರತಂದಿತು, ಒಟ್ಟು 15. ಪ್ರಧಾನ ಸಂಪಾದಕರು ನಮ್ಮ ಸಿಂದಗಿ ತಾಲೂಕಿನವರೇ ಆದ ಎಂ. ಎಂ. ಕಲಬುರ್ಗಿ. 2015ರ ಆಗಸ್ಟ್ 30ರಂದು ಧಾರವಾಡದ ಅವರ ಮನೆಯಲ್ಲೇ ಅವರನ್ನ ಗುಂಡಿಟ್ಟು ಕೊಂದರು. ಮರೆಯಬ್ಯಾಡ್ರಿ.

ಆ 15 ಸಂಪುಟಗಳ ಲೆಕ್ಕ ನೋಡ್ರಿ. ಬಸವಣ್ಣ, ಅಲ್ಲಮ, ಚೆನ್ನಬಸವಣ್ಣ, ಸಿದ್ಧರಾಮ, ಇವರಿಗೆ ಒಂದೊಂದು. ಶಿವಶರಣೆಯರೆಲ್ಲರಿಗೂ ಕೂಡಿ ಒಂದು. ಕೊನೆಯದು ಪದಕೋಶ. ನಡುವಿನ ಒಂಬತ್ತು ಸಂಪುಟಕ್ಕೆ ಹೆಸರು ‘ಸಂಕೀರ್ಣ’. ನಾನು ಕಚೇರಿ ಗುಮಾಸ್ತ. ದಿನಾ ನಮೂನೆ ತುಂಬೋದು, ತಃಖ್ತೆ ಹಾಕೋದು ನನ್ನ ಕೆಲಸ. ಪ್ರತಿ ತಃಖ್ತೆಯ ಕೊನೆಗೂ ‘ಇತರೆ’ ಅಂತ ಒಂದು ಕಾಲಂ ಇರ್ತದ. ಮೇಲಿನವರು ಆ ಕಾಲಂ ಓದೋದಿಲ್ಲ. ಆದ್ರ ಕೂಡಿಸಿ ನೋಡಿದ್ರ ಎಷ್ಟೋ ಸಲ ಆ ಕಾಲಂನ ಮೊತ್ತವೇ ದೊಡ್ಡದಿರ್ತದ. ವಚನದ ಲೆಕ್ಕವೂ ಹಂಗೇ ಅದ. ನಾಲ್ಕು ನಾಯಕರಿಗೆ ನಾಲ್ಕು, ‘ಇತರೆ’ಗೆ ಒಂಬತ್ತು. ಸಂಪಾದಕರ ತಪ್ಪಲ್ಲ, ಅವರು ಉಳಿಸಿಕೊಟ್ಟರು. ಓದದವರು ನಾವು. ಚಪ್ಪಲಿ ಹೊಲಿಯುವ ಉಳಿ ಕತ್ತಿಯನ್ನ ಅಂಕಿತದೊಳಗೇ ಇಟ್ಟುಕೊಂಡ ಮಾದಾರ ಚೆನ್ನಯ್ಯನವರು, ಒಂದೇ ಒಂದು ವಚನ ಉಳಿದಿರುವ ಸೂಳೆ ಸಂಕವ್ವೆ, ‘ಉರಿಲಿಂಗಪೆದ್ದಿಗಳ ಪುಣ್ಯಸ್ತ್ರೀ’ ಅಂತ ಗಂಡನ ಹೆಸರಿನ ಹಿಂದೆ ನಿಂತ ಕಾಳವ್ವೆ. ಯಾರು ಏನು ತಿಂತಾರ ಅನ್ನೋದರ ಮೇಲೆ ಜಾತಿ ಅಳೆಯುವವರನ್ನ ಆ ಕಾಳವ್ವೆ ಹನ್ನೆರಡನೇ ಶತಮಾನದಲ್ಲೇ ಮುಖಕ್ಕೆ ಹೊಡೆದಂತೆ ಕೇಳಿದ್ದಾಳೆ. ಇವತ್ತಿನ ಆಹಾರದ ಜಗಳದಾಗ ಯಾವ ವೇದಿಕೆಯ ಮೇಲೆ ಆಕೆಯ ಹೆಸರು ಕೇಳೀರಿ?

ಈಗ ಜಪಾನಿನ ಮಾತು. ನನ್ನ ಮಗಳು ಕಾಲೇಜು ಓದ್ತಾಳ. ಆಕಿ ಮತ್ತು ಆಕಿ ಗೆಳತ್ಯಾರು ಮೊಬೈಲಿನಾಗ ಮಾಂಗಾ ಓದತಿರ್ತಾರ. ಮಾಂಗಾ ಅಂದ್ರ ಜಪಾನಿನ ಚಿತ್ರಕಥೆ. ಪತ್ರಿಕೆಯೊಳಗ ಕಂತು ಕಂತಾಗಿ ವರ್ಷಗಟ್ಟಲೆ ಬರ್ತದ, ಆಮೇಲೆ ಪುಸ್ತಕ ಆಗ್ತದ. ‘ಅಪ್ಪಾ, ಇದರಾಗ ನಮ್ಮ ಬುದ್ಧ ಅದಾನ ನೋಡು’ ಅಂತ ಒಂದು ಕೊಟ್ಟಳು. ಒಸಾಮು ತೆಜುಕಾ ಅನ್ನುವ ಕಲಾವಿದ 1972ರಿಂದ 1983ರ ತನಕ ಬರೆದ ‘ಬುದ್ಧ’. ಇಂಗ್ಲಿಷಿನಲ್ಲಿ 8 ಸಂಪುಟ ಆಗಿ ಬಂದಿದೆ.

ಓದಾಕ ಹತ್ತಿದೆ. ಬುದ್ಧನ ಕಥೆ ಅಂದ್ರ ಅರಮನೆ, ಮಾಯಾದೇವಿ, ಲುಂಬಿನಿಯಿಂದ ಸುರುವಾಗಬೇಕಲ್ಲ? ಆಗೋದಿಲ್ಲ. ಮೊದಲ ಸಂಪುಟ ಹೆಚ್ಚುಕಮ್ಮಿ ಪೂರ್ತಿ ಇಬ್ಬರು ಹುಡುಗರದು. ಒಬ್ಬ ಚಾಪ್ರಾ, ಗುಲಾಮರ ಮಗ. ಇನ್ನೊಬ್ಬ ತತ್ತಾ, ಅಸ್ಪೃಶ್ಯರ ಮಗ, ಸಣ್ಣ ಕಳ್ಳ. ಇಬ್ಬರೂ ತೆಜುಕಾ ಕಲ್ಪಿಸಿಕೊಂಡ ಪಾತ್ರಗಳು, ಬೌದ್ಧ ಗ್ರಂಥಗಳಲ್ಲಿ ಇಲ್ಲ. ಚಾಪ್ರಾ ಒಬ್ಬ ಸೇನಾಪತಿಯ ಪ್ರಾಣ ಉಳಿಸ್ತಾನೆ, ಹುಟ್ಟು ಮುಚ್ಚಿಟ್ಟು ಆತನ ಸಾಕುಮಗ ಆಗ್ತಾನೆ, ಸೈನ್ಯದಲ್ಲಿ ಮೇಲೇರ್ತಾನೆ. ಆಮೇಲೆ ಗುಟ್ಟು ರಟ್ಟಾಗ್ತದೆ. ಪದವಿಯನ್ನೋ ಗುಲಾಮಳಾದ ತಾಯಿಯನ್ನೋ ಅನ್ನುವ ಹೊತ್ತು ಬಂದಾಗ ತಾಯಿಯನ್ನ ಆರಿಸಿಕೊಳ್ತಾನೆ. ತಾಯಿಯ ಜೊತೆಗೇ ಸಾಯ್ತಾನೆ. ಜಾತಿ ಮುಚ್ಚಿಟ್ಟು ಬಾಡಿಗೆ ಮನೆ ಹಿಡಿದವರಿಗೆ, ಅಡ್ಡಹೆಸರು ಬದಲಿಸಿಕೊಂಡವರಿಗೆ ಈ ಹುಡುಗನ ಎದಿಬಡಿತ ಕೇಳಿಸ್ತದ.

ಚಾಪ್ರಾ ಸತ್ತ ಮೇಲೆ ನಾವು ಸಿದ್ಧಾರ್ಥನನ್ನ ನೋಡ್ತೀವಿ. ಇಲ್ಲೇ ಇರೋದು ವಿಷಯ. ರಾಜಕುಮಾರ ‘ಲೋಕದಾಗ ದುಃಖ ಅದ’ ಅಂತ ಕಂಡುಹಿಡಿಯುವ ಮೊದಲೇ ಓದುವವರಿಗೆ ಆ ದುಃಖದ ಹೆಸರು, ಊರು, ಜಾತಿ ಗೊತ್ತಾಗಿರ್ತದ. ಮುದುಕ, ರೋಗಿ, ಹೆಣ ನೋಡಿ ವೈರಾಗ್ಯ ಬಂತು ಅನ್ನುವ ಕಥೆಯಲ್ಲಿ ದುಃಖ ಅಂದ್ರ ಎಲ್ಲರಿಗೂ ಬರುವ ಮುಪ್ಪು ಸಾವು. ತೆಜುಕಾನ ಕಥೆಯಲ್ಲಿ ದುಃಖ ಅಂದ್ರ ಮನುಷ್ಯ ಮನುಷ್ಯನಿಗೆ ಮಾಡಿದ್ದು. ಇಬ್ಬರು ಸಣ್ಣ ಹುಡುಗರು ಬುದ್ಧನ ಪ್ರಶ್ನೆಯನ್ನೇ ಬದಲಿಸಿಬಿಟ್ಟರು.

ತತ್ತಾ ಮುಂದೆ ಬುದ್ಧನಿಗೆ ಬಹಳ ಹತ್ತಿರದವ ಆಗ್ತಾನೆ. ಆದರೆ ತನ್ನ ತಾಯಿಯನ್ನ ಕೊಂದ ಕೋಸಲದ ಮೇಲಿನ ಸೇಡು ಆತನ ಎದೆಯಿಂದ ಹೋಗೋದೇ ಇಲ್ಲ. ಬುದ್ಧ ಬೇಡ ಅಂದರೂ ಯುದ್ಧಕ್ಕೆ ಹೋಗ್ತಾನೆ, ಸಾಯ್ತಾನೆ. ಕರುಣೆ ಬೋಧಿಸುವವನ ಪಕ್ಕದಲ್ಲೇ ಕರುಣೆ ಸಾಲಲಿಲ್ಲ ಅನ್ನುವವನನ್ನ ನಿಲ್ಲಿಸ್ಯಾನ ಕಲಾವಿದ. ಅನ್ಯಾಯ ಉಂಡವನಿಗೆ ‘ಕ್ಷಮಿಸು’ ಅಂತ ಹೇಳೋದು ಎಷ್ಟು ಭಾರ ಅಂತ ಬುದ್ಧನ ಭಾಷಣದಿಂದ ನನಗ ತಿಳಿದಿರಲಿಲ್ಲ, ತತ್ತಾನ ಹೆಣದಿಂದ ತಿಳೀತು. ಇನ್ನೊಬ್ಬಳು ಮಿಗೈಲಾ, ಶೂದ್ರ ಹುಡುಗಿ, ರಾಜಕುಮಾರನನ್ನ ಪ್ರೀತಿಸಿದ್ದಕ್ಕೆ ಕಣ್ಣು ಸುಡಿಸಿಕೊಂಡವಳು. ಅದನ್ನ ಓದುವಾಗ ನನಗ ಹರಳಯ್ಯ ನೆನಪಾದರು. ಜಾತಿ ದಾಟಿದವರ ಕಣ್ಣಿನ ಮೇಲೇ ಯಾಕ ಸಿಟ್ಟು ಈ ಅರಸರಿಗೆ?

ಜಪಾನಿನವರಿಗೆ ಇದು ಹೆಂಗ ಹೊಳೀತು ಅಂತ ಕೇಳಬ್ಯಾಡ್ರಿ. ಅವರಲ್ಲೂ ಅದ. ಚರ್ಮದ ಕೆಲಸ, ದನ ಕೊಯ್ಯುವ ಕೆಲಸ ಮಾಡುವವರನ್ನ ಊರ ಹೊರಗೆ ಇಟ್ಟ ನಾಡು ಅದು. 1871ರಲ್ಲಿ ಸರ್ಕಾರ ಆ ಭೇದ ರದ್ದು ಅಂತ ಆಜ್ಞೆ ಮಾಡಿತು, ಆದರೂ ಹೋಗಲಿಲ್ಲ. 1922ರಲ್ಲಿ ಆ ಬುರಾಕು ಜನ ಕ್ಯೋಟೊದಲ್ಲಿ ಕೂಡಿ ಸುಯ್ಹೈಶಾ ಅನ್ನುವ ತಮ್ಮದೇ ಸಂಘಟನೆ ಕಟ್ಟಿದರು. ನಮ್ಮ ಮಹಾಡ ಕೆರೆಯ ಸತ್ಯಾಗ್ರಹಕ್ಕಿಂತ ಐದು ವರ್ಷ ಮೊದಲು. ಸಾನ್‌ಪೈ ಶಿರಾತೊ ಅನ್ನುವ ಇನ್ನೊಬ್ಬ ಕಲಾವಿದ 1964ರಿಂದ 1971ರ ತನಕ ‘ಕಾಮುಯಿ ದೆನ್’ ಬರೆದ, ನಾಯಕ ಕಾಮುಯಿ ಊರ ಹೊರಗಿನ ಕೇರಿಯವ. ಕಥೆ ಬೆಳೆದ ಹಂಗ ನಾಯಕ ಹಿಂದಕ್ಕೆ ಸರೀತಾನ, ರೈತರು, ಕೇರಿಯ ಜನ ಮುಂದಕ್ಕೆ ಬರ್ತಾರ. ಒಬ್ಬ ವೀರನಿಂದ ಆಗುವ ಕೆಲಸ ಅಲ್ಲ ಇದು ಅಂತ ಆ ಕಥೆ ನಡೆದುಕೊಂಡೇ ಹೇಳ್ತದ.

ಇದೆಲ್ಲ ಓದಿದ ಮೇಲೆ ಬಾಬಾಸಾಹೇಬರ ‘ಬುದ್ಧ ಮತ್ತು ಆತನ ಧಮ್ಮ’ ಮತ್ತೆ ತೆಗೆದೆ. 1957ರಲ್ಲಿ, ಅವರು ತೀರಿಕೊಂಡ ಮರುವರ್ಷ ಬಂದ ಪುಸ್ತಕ. ಅದರಲ್ಲಿ ಕೆಳಗಿನವರ, ತುಳಿತಕ್ಕೊಳಗಾದವರ ದೀಕ್ಷೆಗೆ ಅಂತಲೇ ಒಂದು ಭಾಗ ಮಾಡ್ಯಾರ. ಕ್ಷೌರಿಕ ಉಪಾಲಿ, ಕಸ ಗುಡಿಸುವ ಸುನೀತ, ಅಸ್ಪೃಶ್ಯರಾದ ಸೋಪಾಕ ಮತ್ತು ಸುಪ್ಪಿಯ. ಉಪಾಲಿಯ ಪ್ರಸಂಗ ನೋಡ್ರಿ. ಶಾಕ್ಯ ರಾಜಕುಮಾರರು ಸಂಘ ಸೇರಲು ಹೋದಾಗ ಅವರ ಜೊತೆ ಇದ್ದ ಕ್ಷೌರಿಕನಿಗೇ ಮೊದಲು ದೀಕ್ಷೆ ಕೊಡಿ ಅಂತ ಅವರೇ ಕೇಳ್ತಾರೆ. ಮೊದಲು ಸೇರಿದವ ಹಿರಿಯ, ಆಮೇಲೆ ಸೇರಿದವರು ಆತನಿಗೆ ಕೈ ಮುಗೀಬೇಕು. ಶಾಕ್ಯರ ಸೊಕ್ಕು ಇಳಿಯಲಿ ಅಂತ. ಸಂಘದಲ್ಲಿ ಜಾತಿ ಇಲ್ಲ ಅನ್ನುವ ನಿಯಮ ಬಾಯಿಮಾತಿನಲ್ಲಿ ಉಳಿಯದೆ ಒಂದು ಸಾಲಿನ ಕ್ರಮವಾಯಿತು.

ಅದೇ ಶಾಕ್ಯರ ಇನ್ನೊಂದು ಮುಖ ಪಾಲಿ ಅಟ್ಠಕಥೆಗಳಲ್ಲಿ ಇದೆ. ಕೋಸಲದ ರಾಜ ಶಾಕ್ಯರ ಹೆಣ್ಣು ಕೇಳಿದಾಗ ಅವರು ದಾಸಿಯ ಮಗಳನ್ನ ರಾಜಕುಮಾರಿ ಅಂತ ಕಳಿಸಿದರು. ಆಕೆಯ ಮಗ ವಿಡೂಡಭ ಅಜ್ಜನ ಮನೆಗೆ ಬಂದು ಹೋದ. ಆತ ಕೂತಿದ್ದ ಆಸನವನ್ನ ಒಬ್ಬ ದಾಸಿ ಹಾಲು ನೀರಿನಿಂದ ತೊಳೀತಿದ್ದಳು, ‘ದಾಸಿಯ ಮಗ ಕೂತ ಜಾಗ’ ಅಂತ ಬೈಕೋತ. ಮರೆತ ಆಯುಧ ತರಲು ತಿರುಗಿ ಬಂದ ಒಬ್ಬ ಸೈನಿಕ ಕೇಳಿಸಿಕೊಂಡ. ಅಲ್ಲಿಂದ ಶಾಕ್ಯರ ನಾಶ ಸುರು. ಹೆಸರಿಲ್ಲದ ಆ ದಾಸಿಯನ್ನ ನೋಡ್ರಿ. ತಾನೂ ದಾಸಿ, ಇನ್ನೊಬ್ಬ ದಾಸಿಯ ಮಗನ ಜಾಗವನ್ನ ತಾನೇ ಶುದ್ಧ ಮಾಡ್ತಾಳ. ಜಾತಿ ತುಳಿದವರ ಕೈಯಿಂದಲೇ ತುಳಿಸ್ತದ ಅನ್ನೋದಕ್ಕ ಇದಕ್ಕಿಂತ ದೊಡ್ಡ ಪಾಠ ಬೇಕೇನು? ಒಂದು ಕ್ಷಣ ಬಂದು ಹೋದ ಪಾತ್ರ ಅದು.

ಇಷ್ಟೆಲ್ಲ ಯಾಕ ಹೇಳಿದೆ ಅಂದ್ರ, ನಮ್ಮ ಇವತ್ತಿನ ನಡವಳಿಕೆ ಬಗ್ಗೆ ಹೇಳಬೇಕಾಗ್ಯಾದ. ಸರ್ಕಾರ ಫೆಬ್ರುವರಿ 1ಕ್ಕೆ ಮಡಿವಾಳ ಮಾಚಿದೇವರ ಜಯಂತಿ ಮಾಡ್ತದ. ಅಂಬಿಗರ ಚೌಡಯ್ಯನವರದು ಬ್ಯಾರೆ ದಿನ. ಚೆನ್ನಯ್ಯ, ಧೂಳಯ್ಯ, ಕಕ್ಕಯ್ಯ, ಹರಳಯ್ಯ, ಉರಿಲಿಂಗಪೆದ್ದಿ, ಈ ಐವರಿಗೆ ಕೂಡಿ ಕಾಯಕ ಶರಣರ ಜಯಂತಿ. ಇದು ಹೋರಾಡಿ ಪಡೆದದ್ದು, ಬ್ಯಾಡ ಅನ್ನೋದಿಲ್ಲ. ಫೋಟೊನೇ ಇಲ್ಲದವರಿಗೆ ಫೋಟೊ ಬಂತು. ಆದ್ರ ಸಭಾಂಗಣದಾಗ ಯಾರು ಕೂತಿರ್ತಾರ? ಮಾಚಿದೇವರ ಜಯಂತಿಗೆ ಮಡಿವಾಳರು. ಚೌಡಯ್ಯನವರ ಜಯಂತಿಗೆ ಅಂಬಿಗರು. ಕಾಯಕ ಶರಣರ ಜಯಂತಿಗೆ ನಮ್ಮ ಕೇರಿಯವರು. ಬಸವ ಜಯಂತಿಗೆ ಉಳಿದವರು. ಒಂದು ಕಥೆಯ ಪಾತ್ರಗಳನ್ನ ಜಾತಿವಾರು ಹಂಚಿಕೊಂಡು ಎಲ್ಲರೂ ಮನಿಗೆ ಹೋದೆವು. ಕಥೆ ಮಾತ್ರ ಯಾರ ಪಾಲಿಗೂ ಬರಲಿಲ್ಲ.

ಮಾಚಯ್ಯನವರ ಬೆಲೆ ಇರೋದು ಅವರು ಬಸವಣ್ಣನನ್ನ ಗದರಿಸಿದ್ದರಲ್ಲಿ, ಕಕ್ಕಯ್ಯನ ಜೊತೆ ಹೋರಾಟಕ್ಕೆ ನಿಂತದ್ದರಲ್ಲಿ. ಹರಳಯ್ಯನವರ ಬೆಲೆ ಇರೋದು ಮಧುವರಸನ ಬೀಗ ಆದದ್ದರಲ್ಲಿ. ಬಸವಣ್ಣನಿಲ್ಲದ ಮಾಚಯ್ಯನನ್ನೂ ಮಧುವರಸನಿಲ್ಲದ ಹರಳಯ್ಯನನ್ನೂ ಚೌಕಟ್ಟಿನಾಗ ಇಟ್ಟು ಹಾರ ಹಾಕಿದ್ರ ಅದು ಜಾತಿ ಸಂಘದ ಫೋಟೊ ಆಗ್ತದ. ಮಾಚಯ್ಯನಿಲ್ಲದ ಬಸವಣ್ಣನ ಫೋಟೊಕ್ಕೂ ಅದೇ ಗತಿ, ಅದನ್ನೂ ಹೇಳಲೇಬೇಕು. ಜಾತಿ ಒಡೆಯಾಕ ಹುಟ್ಟಿದ ಕಥೆಯನ್ನ ನಾವು ಜಾತಿಯ ಕಪಾಟಿನಾಗ ಒಂದೊಂದೇ ಖಾನೆಗೆ ಇಟ್ಟೀವಿ.

ತೆಜುಕಾ ಪಾಪ ಚಾಪ್ರಾ, ತತ್ತಾನನ್ನ ಕಲ್ಪಿಸಿಕೊಳ್ಳಬೇಕಾಯಿತು. ನಮಗ ಆ ಕಷ್ಟ ಇಲ್ಲ. ನಮ್ಮವರು ಬದುಕಿದ್ದವರು, ದುಡಿದವರು, ತಾವೇ ಮಾತಾಡಿದವರು, ಅವರ ಮಾತು ಅಚ್ಚಾಗಿ ಗ್ರಂಥಾಲಯದ ಕಪಾಟಿನಾಗ ಅವ.

ಅದಕ್ಕ ಮೂರು ಕೆಲಸ ಮಾಡೋಣ ಅಂತ ಕೇಳಿಕೊಳ್ತೀನಿ. ಮುಂದಿನ ಫೆಬ್ರುವರಿ 1ಕ್ಕೆ ನಮ್ಮ ಕೇರಿಯಿಂದ ಒಂದು ತಂಡ ಮಾಚಿದೇವರ ಜಯಂತಿಗೆ ಹೋಗಲಿ, ಕಾಯಕ ಶರಣರ ಜಯಂತಿಗೆ ಮಡಿವಾಳ ಬಂಧುಗಳನ್ನ ಮನೆಮನೆಗೆ ಹೋಗಿ ಕರೆಯೋಣ. ಎರಡನೇದು, ಭಾಷಣ ಕಡಿಮೆ ಮಾಡಿ ಸಂಕೀರ್ಣ ಸಂಪುಟದಿಂದ ಹತ್ತು ವಚನ ಓದಿಸೋಣ, ಓದುವವರು ಹೆಣ್ಣುಮಕ್ಕಳೇ ಆಗಿರಲಿ, ಮೊದಲು ಕಾಳವ್ವೆಯದು. ಮೂರನೇದು, ಮಾಂಗಾ ಓದುವ ನಮ್ಮ ಮಕ್ಕಳ ಕೈಗೆ ಪೆನ್ಸಿಲ್ ಕೊಡೋಣ. ಕಲ್ಯಾಣದ ಕಥೆ ಚಿತ್ರದಾಗ ಬರೀರಿ ಅನ್ನೋಣ. ಸಿಂಹಾಸನದಿಂದ ಸುರು ಮಾಡಬ್ಯಾಡ್ರಿ, ಮಾಚಯ್ಯನ ಒಗೆಯುವ ಕಲ್ಲಿನಿಂದ ಸುರು ಮಾಡ್ರಿ, ಆ ಮದುಮಗಳಿಗೆ ಒಂದು ಹೆಸರು ಇಟ್ಟು ಮಾತು ಕೊಡ್ರಿ ಅನ್ನೋಣ.

ಬರುವವರು ಕಮೆಂಟಿನಾಗ ಊರ ಹೆಸರು ಹಾಕ್ರಿ. ಸಿಂದಗಿ, ಇಂಡಿ, ಮುದ್ದೇಬಿಹಾಳ, ಬಾಗೇವಾಡಿ ಕಡೆಯವರು ಒಂದು ಕಡೆ ಕೂಡಿ ದಿನ ಗೊತ್ತು ಮಾಡೋಣ. ಸಂಪುಟದ ಪುಸ್ತಕ ನಾನು ತರ್ತೀನಿ.